ಜೋಗುಪಾಳ್ಯದ ವಜ್ರ

ಬೆಂಗಳೂರು ದಂಡಿನ ಪೂರ್ವದಂಚಿನಲ್ಲಿ, ಹಲಸೂರಿಗೂ ಇಂದಿರಾನಗರಕ್ಕೂ ನಡುವೆ ಸಿಕ್ಕಿಕೊಂಡಂತೆ ಜೋಗುಪಾಳ್ಯವಿದೆ. 2011ರ ಅಕ್ಟೋಬರಿನಲ್ಲಿ ನಗರದ ಮೊದಲ ಮೆಟ್ರೊ ರೈಲು ಓಡತೊಡಗಿದಾಗ ಹಲಸೂರಿಗೂ ಒಂದು ನಿಲ್ದಾಣ ದೊರೆಯಿತು. ಅಲ್ಲಿ ಇಳಿದು ನಡೆದರೆ ಜೋಗುಪಾಳ್ಯ ದೂರವಲ್ಲ. ಒಂದು ಕಡೆ ಸೋಮೇಶ್ವರನ ಗೋಪುರ, ಇನ್ನೊಂದು ಕಡೆ ಇಂದಿರಾನಗರದ ಗಾಜಿನ ಅಂಗಡಿಗಳು; ನಡುವೆ ಕಿರಿದಾದ ಓಣಿಗಳು, ಮನೆಗೆ ಮನೆ ತಾಗಿ ನಿಂತ ಗೋಡೆಗಳು, ಒಂದೇ ವಾಕ್ಯದಲ್ಲಿ ಕನ್ನಡ, ತಮಿಳು, ತೆಲುಗು, ಉರ್ದುಗಳನ್ನು ಹದವಾಗಿ ಬೆರೆಸುವ ಜನ. ನೋಡತಕ್ಕ ಸ್ಥಳಗಳ ಪಟ್ಟಿಯಲ್ಲಿ ಈ ಪಾಳ್ಯದ ಹೆಸರು ಕಾಣುವುದಿಲ್ಲ. ಆದರೂ ಒಂದೇ ಒಂದು ಪದಾರ್ಥದ ಜಾಡು ಹಿಡಿದು ಊರು ಸುತ್ತಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ತಾಣ ಸಿಗಲಾರದು. ಆ ಪದಾರ್ಥ ಜಿಲೆಟಿನ್.

ಮೊದಲು ಬಡಗಿಯ ಅಂಗಡಿಗೆ ಹೋಗೋಣ. ಹಿಂದಿನ ತಲೆಮಾರಿನ ಮರಗೆಲಸದವರು ಹಲಗೆಗೆ ಹಲಗೆ ಬೆಸೆಯಲು ಬಳಸುತ್ತಿದ್ದ ಅಂಟಿಗೆ ಉರ್ದು ಮಾತಿನವರು ಸರೇಸ್ ಎನ್ನುತ್ತಿದ್ದರು. ನಮ್ಮವರು ಅದನ್ನೇ ಸರೇಸು ಮಾಡಿಕೊಂಡರು. ಕನ್ನಡದಲ್ಲಿ ಅದಕ್ಕೆ ಮರವಜ್ರವೆಂಬ ಇನ್ನೊಂದು ಹೆಸರುಂಟು. ತಮಿಳಿನವರು ವಜ್ಜಿರಂ ಎನ್ನುತ್ತಾರೆ, ತೆಲುಗಿನವರು ವಜ್ರಂ. ಹೆಸರಿನಲ್ಲಿ ವಜ್ರದ ಹೊಳಪಿದ್ದರೂ ಅದರ ವಾಸನೆಯನ್ನು ಬಲ್ಲವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಕಂದು ಬಣ್ಣದ ಗಟ್ಟಿ ಬಿಲ್ಲೆಗಳನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಒಂದು ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಬಿಸಿನೀರಿನ ಶಾಖದಲ್ಲೇ ಕರಗಿಸಬೇಕು. ನೇರ ಬೆಂಕಿ ತಾಗಿದರೆ ಸೀದು ಅಂಟು ಸತ್ತುಹೋಗುತ್ತದೆ. ಬಿಸಿ ಇರುವಾಗಲೇ ಬಳಿದು, ಹಲಗೆ ಜೋಡಿಸಿ, ಬಿಗಿದು ಕಟ್ಟಬೇಕು. 1959ರಲ್ಲಿ ಫೆವಿಕಾಲ್ ಎಂಬ ಬಿಳಿಯ ಅಂಟು ಬಂದು ಬಡಗಿಗಳನ್ನು ಈ ಒಲೆಯಿಂದಲೂ ವಾಸನೆಯಿಂದಲೂ ಬಿಡುಗಡೆ ಮಾಡಿತು. ಇಂದು ಹೊಸ ಹುಡುಗರಿಗೆ ವಜ್ರವೆಂದರೆ ಉಂಗುರದ ಕಲ್ಲಷ್ಟೇ.

ಸರೇಸೂ ಜಿಲೆಟಿನ್ನೂ ಬೇರೆಯಲ್ಲ. ಸೋಸಿ, ಶುದ್ಧಿಮಾಡಿ, ತಿನ್ನಲು ಯೋಗ್ಯವಾಗುವಂತೆ ತೆಗೆದದ್ದು ಜಿಲೆಟಿನ್. ಒರಟಾಗಿ ಉಳಿದದ್ದು ಸರೇಸು. ಒಂದು ಪೇಟೆಗೆ ಹೋದ ತಮ್ಮ, ಇನ್ನೊಂದು ಹಳ್ಳಿಯಲ್ಲೇ ಉಳಿದ ಅಣ್ಣ.

ವಜ್ರವೆಂಬ ಹೆಸರು ಎಲ್ಲಿಂದ ಬಂತು? ಹಲಸೂರಿನ ದೇವಾಲಯದ ಮುಂದೆ ನಿಂತಾಗ ಇದರ ಸುಳಿವೊಂದು ಮನಸ್ಸಿಗೆ ಬರುತ್ತದೆ. ಅದೂ ಕೇವಲ ಹೆಸರಿನ ಕಾಕತಾಳೀಯದಿಂದ. ಇಲ್ಲಿನ ದೇವರು ಸೋಮೇಶ್ವರ. ಕಲ್ಯಾಣದ ಚಾಲುಕ್ಯರಲ್ಲಿ ಅದೇ ಹೆಸರಿನ ದೊರೆಯೊಬ್ಬನಿದ್ದ, ಮೂರನೆಯ ಸೋಮೇಶ್ವರ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಅವನ ರಾಜಧಾನಿ. ಸುಮಾರು 1130ರ ಹೊತ್ತಿಗೆ ಅವನು ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವೆಂಬ ಮಹಾಗ್ರಂಥವನ್ನು ರಚಿಸಿದ. 'ಅಭಿಲಷಿತಾರ್ಥ ಚಿಂತಾಮಣಿ' ಎಂಬುದು ಅದರದೇ ಇನ್ನೊಂದು ಹೆಸರು. ನೂರು ಅಧ್ಯಾಯಗಳ ಆ ಹೊತ್ತಗೆಯಲ್ಲಿ ಆನೆ ಹಿಡಿಯುವುದರಿಂದ ಹಿಡಿದು ಅಡುಗೆಯವರೆಗೆ ಅರಸನ ಬಾಳಿಗೆ ಬೇಕಾದದ್ದೆಲ್ಲ ಉಂಟು. ಚಿತ್ರಕಲೆಯ ಭಾಗದಲ್ಲಿ ಅವನು ವಜ್ರಲೇಪವನ್ನು ವಿವರಿಸುತ್ತಾನೆ: ಹೊಸ ಎಮ್ಮೆಯ ಚರ್ಮವನ್ನು ನೀರಿನಲ್ಲಿ ಬೆಣ್ಣೆಯಂತೆ ಮೆತ್ತಗಾಗುವವರೆಗೆ ಬೇಯಿಸಬೇಕು, ಅದನ್ನು ಕಡ್ಡಿಗಳನ್ನಾಗಿ ಮಾಡಿ ಬಿಸಿಲಿನಲ್ಲಿ ಒಣಗಿಸಬೇಕು, ಬೇಕೆನಿಸಿದಾಗ ಮಣ್ಣಿನ ಪಾತ್ರೆಯಲ್ಲಿ ನೀರು ಹಾಕಿ ಕಾಯಿಸಿ ಕರಗಿಸಿಕೊಳ್ಳಬೇಕು. ಬಿಳಿಮಣ್ಣಿನೊಡನೆ ಬೆರೆಸಿ ಗೋಡೆಗೆ ಬಳಿದರೆ ಚಿತ್ರಕ್ಕೆ ನೆಲೆ. ಬಣ್ಣದೊಡನೆ ಬೆರೆಸಿದರೆ ಬಣ್ಣಕ್ಕೆ ಹಿಡಿತ.

ಜೋಗುಪಾಳ್ಯದ ಬಡಗಿ ನೆನೆಹಾಕಿದ ಬಿಲ್ಲೆಯೂ ಕಲ್ಯಾಣದ ಚಿತ್ರಕಾರನ ಕಡ್ಡಿಯೂ ಒಂದೇ ಎಂದು ಬೇರೆ ಹೇಳಬೇಕಾಗಿಲ್ಲ. ಒಂಬೈನೂರು ವರ್ಷ ಕಳೆದರೂ ಹೆಸರು ಕೂಡ ಅಷ್ಟಾಗಿ ಸವೆದಿಲ್ಲ. ಇನ್ನೂ ಒಂದು ಸ್ವಾರಸ್ಯವೆಂದರೆ, ಚರ್ಮ ಬೇಯಿಸುವ ಬಗೆಯನ್ನು ಬರೆದ ಅದೇ ದೊರೆ ಅದೇ ಗ್ರಂಥದ ಅನ್ನಭೋಗದ ಅಧ್ಯಾಯದಲ್ಲಿ ಇಡ್ಲಿ, ದೋಸೆಗಳ ಪೂರ್ವಜರನ್ನೂ ಬಗೆಬಗೆಯ ಮಾಂಸದ ಅಡುಗೆಗಳನ್ನೂ ಕುರಿತು ಅಷ್ಟೇ ಆಸ್ಥೆಯಿಂದ ಬರೆದಿದ್ದಾನೆ. ಅಡುಗೆಮನೆಗೂ ಚಿತ್ರಶಾಲೆಗೂ ನಡುವೆ ಅವನು ಗೋಡೆ ಎಬ್ಬಿಸಲಿಲ್ಲ. ಗೋಡೆ ಎಬ್ಬಿಸಿದವರು ನಾವು. ಚರ್ಮ ಸುಲಿದವನನ್ನು ಊರ ಹೊರಗಿರಿಸಿದೆವು. ಆ ಚರ್ಮದಿಂದ ತೆಗೆದ ಅಂಟಿನ ಮೇಲೆ ದೇವತೆಗಳ ಚಿತ್ರ ಬರೆಸಿ ಕೈಮುಗಿದೆವು. ಬೇಯಿಸದೆ ಹದಮಾಡಿದ ಚರ್ಮಕ್ಕೂ ನಮ್ಮಲ್ಲಿ ಇಂತಹ ಗೌರವದ ಸ್ಥಾನವಿದೆ. ತೊಗಲುಗೊಂಬೆಯಾಟದಲ್ಲಿ ರಾಮ, ಲಕ್ಷ್ಮಣ, ಸೀತೆಯರೆಲ್ಲ ದೀಪದ ಬೆಳಕು ಹಾಯುವಂತೆ ಹೆರೆದು ಬಣ್ಣ ಹಚ್ಚಿದ ಚರ್ಮದವರೇ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಈ ಕಲೆಗಾಗಿ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು.

ಚರ್ಮವನ್ನು ಬೇಯಿಸಿದರೆ ಅಂಟಾಗುವುದೇಕೆ ಎಂದು ಮನೆಯ ಮಕ್ಕಳು ಕೇಳಿಯಾರು. ಉತ್ತರ ಹೆಣ್ಣುಮಕ್ಕಳ ಜಡೆಯಲ್ಲಿದೆ. ಚರ್ಮ, ಮೂಳೆ, ಕೀಲುಗಳಲ್ಲಿ ಕೊಲಾಜನ್ ಎಂಬ ಪ್ರೋಟೀನು ಇರುತ್ತದೆ. ಅದರ ಪ್ರತಿ ಎಳೆಯೂ ಮೂರು ಕಾಲಿನ ಜಡೆಯಂತೆ ಬಿಗಿಯಾಗಿ ಹೆಣೆದುಕೊಂಡಿದೆ. ನೀರಿನಲ್ಲಿ ಬಹಳ ಹೊತ್ತು ಕುದಿಸಿದರೆ ಜಡೆ ಬಿಚ್ಚಿ ಕೂದಲು ಹರಡುತ್ತದೆ. ಆರಿದಾಗ ಅದು ಮತ್ತೆ ಹೆಣೆದುಕೊಳ್ಳಲು ಹವಣಿಸುತ್ತದೆ. ಆದರೆ ಮೊದಲಿನ ಅಚ್ಚುಕಟ್ಟು ಬರುವುದಿಲ್ಲ, ಅಲ್ಲಲ್ಲಿ ಸಿಕ್ಕಾಗುತ್ತದೆ. ಆ ಸಿಕ್ಕಿನ ನಡುವೆ ನೀರು ಸೆರೆಯಾಗಿ ನಿಲ್ಲುವುದೇ ಜೆಲ್ಲಿ. ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸಿಕ್ಕು ಬಿಡುತ್ತದೆ. ನಮ್ಮ ನಾಲಿಗೆಯ ಶಾಖ ಅದಕ್ಕಿಂತ ತುಸು ಹೆಚ್ಚು. ಬಾಯಿಗಿಟ್ಟೊಡನೆ ಜೆಲ್ಲಿ ಕರಗುವ ಸುಖದ ಗುಟ್ಟು ಇಷ್ಟೇ.

ಈ ಗುಟ್ಟನ್ನು ಪುಸ್ತಕ ಓದದೆ ಬಲ್ಲವರು ಹಲಸೂರಿನ ಸುತ್ತಿನ ಮಿಲಿಟರಿ ಹೋಟೆಲುಗಳ ಅಡುಗೆಯವರು. ಕುರಿಯ ಕಾಲುಗಳನ್ನು ಬೆಂಕಿಯಲ್ಲಿ ಸುಟ್ಟು, ಕೂದಲು ಹೆರೆದು, ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿದರೆ ಕಾಲು ಸೂಪು. ಕುಡಿದವನ ತುಟಿಗೆ ತುಟಿ ಅಂಟಬೇಕು. ಅಂಟದಿದ್ದರೆ ಅಡುಗೆಯವನು ಒಲೆಯ ಮುಂದೆ ನಿದ್ದೆ ಮಾಡಿದ್ದಾನೆಂದು ಲೆಕ್ಕ! ಶಿವಾಜಿನಗರದಲ್ಲಿ ರಂಜಾನ್ ತಿಂಗಳ ರಾತ್ರಿಗಳಲ್ಲಿ ಇದೇ ಪಾಯವೆಂಬ ಹೆಸರಿನಿಂದ ಹಂಡೆಗಳಲ್ಲಿ ಕುದಿಯುತ್ತದೆ. ಮೂಳೆ ಮುರಿದವರಿಗೆ, ಬಾಣಂತಿಯರಿಗೆ ಇದನ್ನು ಕುಡಿಸುವ ರೂಢಿ ಹಳೆಯದು. ಕುಡಿದ ಕೊಲಾಜನ್ ನೆಟ್ಟಗೆ ಮುರಿದ ಮೂಳೆಗೇ ಹೋಗಿ ಅಂಟುವುದಿಲ್ಲ, ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ ಎಂದು ವಿಜ್ಞಾನ ಹೇಳುತ್ತದೆ. ಆದರೂ ನವೆಯುತ್ತಿರುವ ದೇಹಕ್ಕೆ ಬಿಸಿ ಸೂಪು ಕೊಡುವ ಸಮಾಧಾನವನ್ನು ನಾನು ಅಲ್ಲಗಳೆಯಲಾರೆ.

ಇಷ್ಟೆಲ್ಲ ಇದ್ದರೂ ನಮ್ಮ ಪತ್ರಿಕೆಗಳಲ್ಲಿ ಜಿಲೆಟಿನ್ ಎಂಬ ಶಬ್ದ ಕಾಣಿಸಿಕೊಳ್ಳುವುದು ಕಲ್ಲುಗಣಿಯ ದುರಂತದ ಸುದ್ದಿಯಲ್ಲಿ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಆರು ಮಂದಿಯನ್ನು ಬಲಿ ತೆಗೆದುಕೊಂಡದ್ದು ಜಿಲೆಟಿನ್ ಕಡ್ಡಿಗಳೇ. ತಮಾಷೆಯಲ್ಲದ ಸಂಗತಿಯಿದು, ಆದರೂ ಹೆಸರಿನ ಗೊಂದಲವನ್ನು ಬಿಡಿಸಿ ಹೇಳಬೇಕು. ಆ ಕಡ್ಡಿಯಲ್ಲಿ ನಮ್ಮ ಜಿಲೆಟಿನ್ ಇಲ್ಲ. 1875ರಲ್ಲಿ ಆಲ್ಫ್ರೆಡ್ ನೊಬೆಲ್ ನೈಟ್ರೊಗ್ಲಿಸರಿನ್ನಿನಲ್ಲಿ ನೈಟ್ರೊಸೆಲ್ಯುಲೋಸನ್ನು ಕರಗಿಸಿದಾಗ ಜೆಲ್ಲಿಯಂತಹ ಮುದ್ದೆಯಾಯಿತು. ರೂಪ ಕಂಡು ಹೆಸರಿಟ್ಟರು. ಹಲಸೂರು ಕೆರೆಯ ಮಗ್ಗುಲಲ್ಲೇ ಮದ್ರಾಸ್ ಸ್ಯಾಪರ್ಸ್ ಸೇನಾಪಡೆಯ ಕೇಂದ್ರವಿರುವುದರಿಂದ ಈ ಭಾಗದ ಹಿರಿಯರಿಗೆ ಸಿಡಿಮದ್ದಿನ ಮಾತು ಹೊಸತಲ್ಲ. ಜಗತ್ತಿನ ಸೈನಿಕರು ಇಂದಿಗೂ 'ಬೆಂಗಳೂರು ಟಾರ್ಪಿಡೊ' ಎಂದು ಕರೆಯುವ, ಮುಳ್ಳುತಂತಿಯ ಬೇಲಿ ಒಡೆಯುವ ಕೊಳವೆಯನ್ನು 1912ರಲ್ಲಿ ರೂಪಿಸಿದವನು ಈ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್. ಉತ್ಸವಗಳಲ್ಲಿ ದೀಪಕ್ಕೆ ಕಟ್ಟುವ ಕೆಂಪು ಹಸುರು 'ಜಿಲೆಟಿನ್ ಪೇಪರ್' ಕೂಡ ಹೆಸರಿಗಷ್ಟೇ ಜಿಲೆಟಿನ್; ಇಂದು ಅಂಗಡಿಯಲ್ಲಿ ಸಿಗುವುದು ಮರದ ತಿರುಳಿನದೋ ಪ್ಲಾಸ್ಟಿಕ್ಕಿನದೋ ಹಾಳೆ. ಒಂದು ಕಾಲದಲ್ಲಿ ನಾಟಕದ ದೀಪಗಳ ಮುಂದೆ ನಿಜವಾದ ಜಿಲೆಟಿನ್ ಹಾಳೆಗಳನ್ನೇ ಇಡುತ್ತಿದ್ದರು. ದೀಪದ ಕಾವಿಗೆ ಅವು ಬಾಡುತ್ತಿದ್ದವು.

ಮತ್ತೆ ತಿನ್ನುವ ವಿಷಯಕ್ಕೆ ಬರೋಣ. 1809ರಲ್ಲಿ ದಂಡು ನೆಲೆಯೂರಿದ ಮೇಲೆ ಇಂಗ್ಲಿಷರ ಬಂಗಲೆಗಳ ಊಟದ ಮೇಜಿಗೆ ಜೆಲ್ಲಿಯೂ ಬಂತು. ಆ ಕಾಲದ ಇಂಗ್ಲಿಷ್ ಮನೆಗಳಲ್ಲಿ ಕರುವಿನ ಕಾಲು ಬೇಯಿಸಿ, ಕೊಬ್ಬು ತೆಗೆದು, ಮೊಟ್ಟೆಯ ಬಿಳಿಯಿಂದ ತಿಳಿಮಾಡಿ, ಸಕ್ಕರೆ ನಿಂಬೆರಸ ಹಾಕಿ ಮಾಡುತ್ತಿದ್ದ ತಿನಿಸು ಅದು. ಒಂದೇ ಕಾಲು, ಹಲಸೂರಿನಲ್ಲಿ ಮೆಣಸು ಬಿದ್ದರೆ ಸೂಪು, ಬಂಗಲೆಯಲ್ಲಿ ಸಕ್ಕರೆ ಬಿದ್ದರೆ ಜೆಲ್ಲಿ. ಮಾಂಸ ಮುಟ್ಟದ ಮನೆಗಳಿಗೆ ಇದು ಸಲ್ಲದು. ಅವರ ಕೈಹಿಡಿದದ್ದು ಚೈನಾ ಗ್ರಾಸ್. ಇದು ಹುಲ್ಲಲ್ಲ, ಕಡಲ ಪಾಚಿಯ ಸಾರ. ಅಗರ್ ಎಂಬುದೂ ಇದೇ. ಹತ್ತು ಗ್ರಾಂ ಚೈನಾ ಗ್ರಾಸನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿ ಕರಗಿಸಿ, ಬಿಸಿಯಾಗಿಯೇ ಇರುವ ಒಂದು ಲೀಟರು ಸಿಹಿ ಹಾಲಿಗೆ ಸೇರಿಸಿದರೆ ಶೀತಕಪೆಟ್ಟಿಗೆಯ ಹಂಗಿಲ್ಲದೆ ಗಟ್ಟಿಯಾಗುತ್ತದೆ. ಒಮ್ಮೆ ಗಟ್ಟಿಯಾದದ್ದು ಮತ್ತೆ ಕರಗಬೇಕಾದರೆ ಸುಮಾರು 85 ಡಿಗ್ರಿ ಶಾಖ ಬೇಕು. 2016ರ ಏಪ್ರಿಲಿನಲ್ಲಿ ಬೆಂಗಳೂರಿನ ಬಿಸಿಲು 39.2 ಡಿಗ್ರಿ ಮುಟ್ಟಿತ್ತು. ಅಂದು ಮೇಜಿನ ಮೇಲೆ ಮರೆತ ಜಿಲೆಟಿನ್ ಜೆಲ್ಲಿ ಪಾನಕವಾಗಿರುತ್ತಿತ್ತು. ಚೈನಾ ಗ್ರಾಸ್ ಅಲ್ಲಾಡುತ್ತಿರಲಿಲ್ಲ.

ಅಡುಗೆಮನೆಯ ಈ ಅರಿವು ವೈದ್ಯಶಾಸ್ತ್ರದ ದಾರಿಯನ್ನೇ ಬದಲಿಸಿದ ಕಥೆ ಎಲ್ಲ ಗೃಹಿಣಿಯರೂ ತಿಳಿಯತಕ್ಕದ್ದು. 1881ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಅವರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಗೆ ಒಂದು ಕಾಟವಿತ್ತು. ರೋಗಾಣುಗಳನ್ನು ಬೆಳೆಸಲು ಇಟ್ಟ ಜಿಲೆಟಿನ್ ಬೇಸಿಗೆಯಲ್ಲಿ ಕರಗುತ್ತಿತ್ತು. ಸಾಲದುದಕ್ಕೆ ಕೆಲವು ಅಣುಜೀವಿಗಳು ಅದನ್ನೇ ತಿಂದು ನೀರು ಮಾಡುತ್ತಿದ್ದವು. ಅವನ ಹೆಂಡತಿ ಫ್ಯಾನಿಯ ಜೆಲ್ಲಿಗಳು ಮಾತ್ರ ಸೆಖೆಯಲ್ಲೂ ಗಟ್ಟಿಯಾಗಿರುತ್ತಿದ್ದವು. ಕಾರಣವೇನೆಂದು ಕೇಳಿದಾಗ ಆಕೆ ಅಗರ್ ತೋರಿಸಿದಳು. ಜಾವಾದಲ್ಲಿದ್ದು ಬಂದ ನೆರೆಮನೆಯವರಿಂದ ಆಕೆ ಅದನ್ನು ಚಿಕ್ಕಂದಿನಲ್ಲಿ ಕಲಿತಿದ್ದಳು. ಇಂದಿಗೂ ಆಸ್ಪತ್ರೆಗಳಲ್ಲಿ ರೋಗಾಣುಗಳನ್ನು ಬೆಳೆಸುವುದು ಅಗರಿನ ತಟ್ಟೆಯಲ್ಲೇ. ಫ್ಯಾನಿಯ ಹೆಸರು ಬಲ್ಲವರು ಮಾತ್ರ ವಿರಳ.

ಇಂದಿರಾನಗರದ ಕಡೆಗೆ ನಾಲ್ಕು ಹೆಜ್ಜೆ ಹಾಕಿದರೆ ಹೊಸ ಬೇಕರಿಗಳ ಗಾಜಿನ ಕಪಾಟುಗಳಲ್ಲಿ ಜಿಲೆಟಿನ್ನಿನ ಹೊಸ ಅವತಾರಗಳನ್ನು ಕಾಣಬಹುದು. ತಿಳಿಯಾದ ಗುಮ್ಮಟದೊಳಗೆ ಅರಳಿದ ಗುಲಾಬಿ, ಸೇವಂತಿಗೆ! ಮೆಕ್ಸಿಕೋ ದೇಶದಿಂದ ಹರಡಿದ ಕಲೆಯಿದು. ತಿಳಿ ಜೆಲ್ಲಿಯೊಳಕ್ಕೆ ಸೂಜಿಯಿಂದ ಬಣ್ಣದ ಹಾಲಿನ ಜಿಲೆಟಿನ್ನನ್ನು ಚುಚ್ಚಿ ದಳದ ಮೇಲೆ ದಳ ಬಿಡಿಸುತ್ತಾರೆ. ಬಿಡಿಸುವವರಿಗೆ ಹೂವಿನ ಬೆನ್ನಷ್ಟೇ ಕಾಣುತ್ತದೆ. ಮಗುಚಿದ ಮೇಲೆಯೇ ಮುಖ. ಮನೆಯಲ್ಲಿ ಜೆಲ್ಲಿ ಮಾಡುವವರಿಗೆ ಒಂದು ಎಚ್ಚರಿಕೆ: ಹಸಿ ಅನಾನಸು, ಹಸಿ ಪರಂಗಿ ಹಾಕಿದರೆ ಜಿಲೆಟಿನ್ ಎಂದಿಗೂ ಗಟ್ಟಿಯಾಗದು. ಮಾಂಸವನ್ನು ಮೆತ್ತಗಾಗಿಸಲು ಪರಂಗಿಕಾಯಿ ಹಾಕುವುದುಂಟಲ್ಲ, ಅದೇ ಗುಣ ಇಲ್ಲಿ ಜೆಲ್ಲಿಯನ್ನು ಕೆಡಿಸುತ್ತದೆ. ಹಣ್ಣನ್ನು ಬೇಯಿಸಿ ಹಾಕಿದರೆ ತೊಂದರೆಯಿಲ್ಲ.

ಜಿಲೆಟಿನ್ ತಟ್ಟೆಯನ್ನು ತಿನ್ನದೆ ಅಚ್ಚುಮೊಳೆಯಂತೆ ಬಳಸಿದವರೂ ಇದ್ದಾರೆ. ಜಿಲೆಟಿನ್, ಗ್ಲಿಸರಿನ್, ನೀರು ಬೆರೆಸಿ ತಟ್ಟೆಯಲ್ಲಿ ಆರಿಸಿ, ನೇರಳೆ ಶಾಯಿಯಲ್ಲಿ ಬರೆದ ಹಾಳೆಯನ್ನು ಅದರ ಮೇಲೆ ಒತ್ತಿದರೆ ಅಕ್ಷರಗಳು ಜೆಲ್ಲಿಗೆ ಇಳಿಯುತ್ತವೆ. ಆಮೇಲೆ ಖಾಲಿ ಹಾಳೆಗಳನ್ನು ಒತ್ತುತ್ತಾ ಹೋದರೆ ಐವತ್ತರಷ್ಟು ಪ್ರತಿಗಳು. ಶಾಲೆಗಳ ಪ್ರಶ್ನೆಪತ್ರಿಕೆಗಳು ಹೀಗೆ ಹೊರಬರುತ್ತಿದ್ದ ಕಾಲವೊಂದಿತ್ತು. ಕಡೆಯ ಬೆಂಚಿನವರಿಗೆ ಮಸುಕಾದ ಪ್ರತಿ. ಈಗ ಚಿತ್ರಕಲಾವಿದರು ಅದೇ ತಟ್ಟೆಗೆ ಬಣ್ಣ ಸವರಿ, ಎಲೆ ಹೂಗಳನ್ನಿರಿಸಿ, ಒಂದೊಂದೇ ಚಿತ್ರ ತೆಗೆಯುತ್ತಾರೆ.

ಆದರೆ ಜಿಲೆಟಿನ್ ಕಲೆಗೆ ಮಾಡಿದ ಮಹೋಪಕಾರ ಛಾಯಾಚಿತ್ರ. 1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಎಂಬ ಇಂಗ್ಲಿಷ್ ವೈದ್ಯ ಬೆಳ್ಳಿಯ ಲವಣವನ್ನು ಜಿಲೆಟಿನ್ನಿನಲ್ಲಿ ಹಿಡಿದಿಟ್ಟು ಗಾಜಿಗೆ ಬಳಿಯುವ ದಾರಿ ತೋರಿಸಿದ. ಅಲ್ಲಿಂದ ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ನಾವು ಕಂಡ ಫೋಟೊ, ಸಿನಿಮಾ, ಎಕ್ಸ್‌ರೇಗಳೆಲ್ಲ ಜಿಲೆಟಿನ್ನಿನ ತೆಳುಪದರದ ಮೇಲೆಯೇ ಮೂಡಿದವು. ಬೆಟ್ಟದಾಚೆಯ ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ 'ಇಂದು' ಎಂಬ ಹೆಸರಿನ ಫಿಲಂ ತಯಾರಿಸಿತು. ಇಂದು ಅದು ಮುಚ್ಚಿದೆ. ಈ ಪದರಕ್ಕೆ ಬೆಳಕನ್ನು ಚುರುಕಾಗಿ ಹಿಡಿಯುವ ಶಕ್ತಿ ಎಲ್ಲಿಂದ ಬಂತೆಂಬುದನ್ನು ಕೊಡಕ್ ಸಂಸ್ಥೆಯ ವಿಜ್ಞಾನಿ ಸ್ಯಾಮ್ಯುಯೆಲ್ ಶೆಪರ್ಡ್ 1925ರಲ್ಲಿ ಬಯಲು ಮಾಡಿದ. ದನಗಳು ಮೇಯುವಾಗ ತಿಂದ ಸಾಸಿವೆ ಗಿಡಗಳ ಗಂಧಕದ ಅಂಶ ಜಿಲೆಟಿನ್ನಿನಲ್ಲಿ ಅಣುಮಾತ್ರ ಉಳಿದಿರುತ್ತದಂತೆ. ಬೆಳಕಿನ ಚಿತ್ರಕ್ಕೆ ಕಸುವು ಕೊಟ್ಟದ್ದು ಅದು! ನಮ್ಮ ಒಗ್ಗರಣೆಯ ಡಬ್ಬಿಯ ಸಾಸಿವೆಗೆ ಇಂತಹ ಬಂಧುಬಳಗವಿದೆಯೆಂದು ಯಾರು ಬಲ್ಲರು?

ಜೋಗುಪಾಳ್ಯದಲ್ಲಿ ನನ್ನ ಮಿತ್ರರೊಬ್ಬರ ಮನೆಯಿದೆ. ಅವರ ತಾಯಿಗೆ ಎಂಬತ್ತು ದಾಟಿದೆ. ಈರುಳ್ಳಿಯನ್ನೂ ವಾರ ತಿಥಿ ನೋಡಿ ಮುಟ್ಟುವ ಮಡಿಯ ಹೆಂಗಸು. ಕಳೆದ ಮಳೆಗಾಲದಲ್ಲಿ ವೈದ್ಯರು ಆಕೆಗೆ ಒಂದು ಕ್ಯಾಪ್ಸೂಲ್ ಬರೆದುಕೊಟ್ಟರು. ಹತ್ತು ದಿನವಾದರೂ ಗುಣ ಕಾಣಲಿಲ್ಲ. ಕೊನೆಗೆ ಸೊಸೆಗೆ ತಿಳಿದದ್ದು, ಅತ್ತೆ ಒಂದನ್ನೂ ನುಂಗದೆ ಎಲ್ಲವನ್ನೂ ಸೀರೆಯ ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದಾರೆಂದು. ಕ್ಯಾಪ್ಸೂಲಿನ ಹೊದಿಕೆ ದನದ ಮೂಳೆಯದೆಂದು ಮೊಮ್ಮಗ ಮೊದಲ ದಿನವೇ ಉಸುರಿದ್ದನಂತೆ. ಹುಡುಗ ಹೇಳಿದ್ದು ಸುಳ್ಳಲ್ಲ. ಮೂಳೆಯ ಪುಡಿಯನ್ನು ಆಮ್ಲದಲ್ಲಿ ನೆನೆಸಿ, ಸುಣ್ಣದಲ್ಲಿ ವಾರಗಟ್ಟಲೆ ಇಟ್ಟು, ಬಿಸಿನೀರಿನಲ್ಲಿ ಇಳಿಸಿದ ಜಿಲೆಟಿನ್ನೇ ಅದು. 1834ರಲ್ಲಿ ಪ್ಯಾರಿಸ್ಸಿನಲ್ಲಿ ಅದಕ್ಕೆ ಹಕ್ಕುಪತ್ರ ಪಡೆದಂದಿನಿಂದ ಲೋಕದ ರೂಢಿ ಹಾಗೆಯೇ. ಸಸ್ಯಮೂಲದ ಹೊದಿಕೆಯ ಕ್ಯಾಪ್ಸೂಲುಗಳೂ ಇವೆ, ಬೆಲೆ ಹೆಚ್ಚು. ಅವನ್ನೇ ಎಲ್ಲೆಡೆ ಬಳಸುವ ಪ್ರಸ್ತಾಪ 2016ರಲ್ಲಿ ಕೇಂದ್ರ ಸರ್ಕಾರದ ಮುಂದೆ ಬಂದಿತ್ತು. ವಿಷಯ ತಿಳಿದ ವೈದ್ಯರು ನಗದೆ, ಗದರದೆ ಅದೇ ಔಷಧವನ್ನು ಮಾತ್ರೆಯ ರೂಪದಲ್ಲಿ ಬರೆದುಕೊಟ್ಟರು. ಆಕೆ ಚೇತರಿಸಿಕೊಂಡರು. ಮೊದಲೇ ಕೇಳಿದ್ದರೆ ಹತ್ತು ದಿನದ ನರಳಾಟ ತಪ್ಪುತ್ತಿತ್ತು.

ನಾನು ನೋಡಲು ಹೋದ ದಿನ ಆಕೆ ನಡುಮನೆಯಲ್ಲಿ ಕುಳಿತಿದ್ದರು. ಎದುರು ಗೋಡೆಯಲ್ಲಿ ಯಜಮಾನರ ಕಪ್ಪುಬಿಳುಪಿನ ಹಳೆಯ ಚಿತ್ರ, ಗಂಧದ ಹಾರ, ಕೆಳಗೆ ದೀಪ. ಮೊಮ್ಮಗನ ಬಾಯಿ ಮತ್ತೆ ಸುಮ್ಮನಿರಲಿಲ್ಲ.

"ಅಜ್ಜಿ, ತಾತನ ಫೋಟೊದಲ್ಲೂ ಅದೇ ಜಿಲೆಟಿನ್ ಇದೆ, ಗೊತ್ತಾ?"

ಸೊಸೆ ಕಣ್ಣು ಕೆಂಪಗೆ ಮಾಡಿ ಮಗನತ್ತ ನೋಡಿದರು. ಮಿತ್ರರು ಕಾಫಿ ಲೋಟವನ್ನು ಕೆಳಗಿಟ್ಟರು. ಮುದುಕಿ ಬಹಳ ಹೊತ್ತು ಚಿತ್ರವನ್ನೇ ನೋಡಿದರು.

"ಅದನ್ನು ನಾನೇನು ತಿನ್ನುತ್ತೇನೆಯೇ?" ಎಂದರು ಕೊನೆಗೆ. "ತಿನ್ನುತ್ತಿರುವುದು ಬೂಷ್ಟು ಕಣೋ, ನೋಡು. ಕಿವಿಯ ಹತ್ತಿರ ಆಗಲೇ ಬೆಳ್ಳಗಾಗಿದೆ. ಮೊದಲು ಅದಕ್ಕೇನಾದರೂ ಮಾಡು."

ಎದ್ದು ಹತ್ತಿರ ಹೋಗಿ ನೋಡಿದೆವು. ಆಕೆಯ ಮಾತು ನಿಜವಾಗಿತ್ತು. ಜಿಲೆಟಿನ್ ಬೂಷ್ಟಿಗೆ ಮೃಷ್ಟಾನ್ನ. ಮಳೆಗಾಲದ ತೇವಕ್ಕೆ ಆ ಪದರ ಉಬ್ಬುತ್ತದೆ, ಅದರಲ್ಲಿ ಬೂಷ್ಟು ಬೇರು ಬಿಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂಷ್ಟಿನೊಡನೆ ಮುಖವೂ ಬರುವ ಅಪಾಯವುಂಟು. ಗಾಜಿಗೆ ಚಿತ್ರ ತಾಗದಂತೆ ನಡುವೆ ಎಡೆ ಬಿಟ್ಟು ಕಟ್ಟಿಸಬೇಕು. ಬಚ್ಚಲಿನ ಮಗ್ಗುಲ ಗೋಡೆ ಬೇಡ, ಗಾಳಿಯಾಡುವ ಒಣಗೋಡೆಯಾಗಬೇಕು. ಒಂದು ನಕಲನ್ನು ಕೂಡಲೇ ತೆಗೆಸಿಡಬೇಕು. ಇಷ್ಟನ್ನು ಹೇಳುವಷ್ಟರಲ್ಲಿ ಹುಡುಗ ಮೊಳೆ ಸುತ್ತಿಗೆ ತಂದಿದ್ದ. ಯಾವ ಗೋಡೆ ಎಂಬುದರ ಮೇಲೆ ಅಜ್ಜಿಗೂ ಸೊಸೆಗೂ ಮಾತು ಬೆಳೆಯಿತು. ಪೂರ್ವದ ಗೋಡೆಗೆ ಬಿಸಿಲು ಬೀಳುತ್ತದೆಂದು ಸೊಸೆ, ತನ್ನ ಹಾಸಿಗೆಯಿಂದ ಕಾಣಬೇಕೆಂದು ಅಜ್ಜಿ. ಹಾಸಿಗೆಯ ಎದುರಿನ ಗೋಡೆಯೇ ಗೆದ್ದಿತು.